ಮಾರಿಯೋಗೆ ಮೀಸೆ, ಟೋಪಿ ಯಾಕೆ?

ಜಾಗ ಸಾಲದ್ದಕ್ಕೆ. 1981ರ ‘ಡಾಂಕಿ ಕಾಂಗ್’ ವಿಡಿಯೋ ಆಟಕ್ಕಾಗಿ ಜಪಾನಿನ ನಿಂಟೆಂಡೋ ಕಂಪನಿಯ ಶಿಗೆರು ಮಿಯಾಮೊಟೊ ಈ ಪಾತ್ರ ಬರೆದಾಗ ಸಿಕ್ಕಿದ್ದು 16×16 ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿಗಳ ಚೌಕ, ಬಣ್ಣ ಮೂರೇ. ಅಷ್ಟರಲ್ಲಿ ಬಾಯಿ ಬರೆದರೆ ಬಾಯಿಯಂತೆ ಕಾಣುವುದಿಲ್ಲ. ದಪ್ಪ ಮೂಗಿನ ಕೆಳಗೆ ಮೀಸೆ ಇಟ್ಟರೆ ಮೂಗೂ ಎದ್ದು ಕಾಣುತ್ತದೆ, ಬಾಯಿಯ ಗೊಡವೆಯೂ ಇಲ್ಲ. ಟೋಪಿ ಇದ್ದರೆ ಜಿಗಿಯುವಾಗ ಕೂದಲು ಹಾರುವುದನ್ನು ಬರೆಯಬೇಕಿಲ್ಲ. ಆ ಆಟದಲ್ಲಿ ನೀಲಿ ಅಂಗಿಯ ಮೇಲೆ ಕೆಂಪು ಡಂಗರಿ (ಎದೆಯವರೆಗೆ ಬರುವ ಪ್ಯಾಂಟ್) ಯಾಕೆಂದರೆ, ಎರಡೂ ಒಂದೇ ಬಣ್ಣವಾದರೆ ಓಡುವಾಗ ಬೀಸುವ ಕೈ ಹೊಟ್ಟೆಯಲ್ಲೇ ಕರಗಿಹೋಗುತ್ತದೆ.

ಪಾತ್ರ ವಿನ್ಯಾಸಕ್ಕೆ ಇಳಿಯುವವರು ಈಗಲೂ ಇದನ್ನು ಮಾಡಿನೋಡಲೇಬೇಕು: ಚಿತ್ರವನ್ನು ಪೂರ್ತಿ ಕಪ್ಪಾಗಿಸಿ, ಆಟದಲ್ಲಿ ಕಾಣುವಷ್ಟೇ ಚಿಕ್ಕದು ಮಾಡಿ. ಯಾರೆಂದು ಗುರುತು ಸಿಗದಿದ್ದರೆ ಬಣ್ಣಕ್ಕೆ ಕೈಹಾಕಬೇಡಿ, ಆಕಾರ ತಿದ್ದಿ.