ಫ್ಲಾಪ್ ಕೂಡದಿದ್ದಾಗ ಬೆಟ್ ಹಾಕುವ ಬಗ್ಗೆ: ಒಬ್ಬ ಲೇಖಕರಿಗೆ ಉತ್ತರ

ಮಾನ್ಯರೇ,

ಲಿಮಿಟ್ ಪೋಕರಿನಲ್ಲಿ ಫ್ಲಾಪಿನ ಮೂರು ಎಲೆಗಳು, ಅಂದರೆ ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಮೊದಲು ತೆರೆದಿಡುವ ಎಲೆಗಳು, ನಮ್ಮ ಕೈಯ ಎರಡು ಗುಪ್ತ ಎಲೆಗಳಿಗೆ ಕೂಡದೇ ಹೋದಾಗ ಬೆಟ್ (ಪಣ) ಹಾಕಬೇಕೋ ಬೇಡವೋ ಎಂಬುದನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಸ್ವಚ್ಛವಾಗಿದೆ, ಆಟಗಾರರ ಚಹರೆಗಳನ್ನು ಚೆನ್ನಾಗಿ ಗಮನಿಸಿದ್ದೀರಿ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಸಾಮಾನ್ಯವಾಗಿ ಇಂಥ ಉತ್ತರವನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. ಈ ಸಲ ಅದು ಬೆಳೆಯುವುದಕ್ಕೆ ಕಾರಣ, ನಿಮ್ಮ ಎರಡನೆಯ ಪುಟ ನನ್ನನ್ನು ನಿಜಕ್ಕೂ ಕೆರಳಿಸಿತು.

ಆ ಪುಟ ಹೀಗೆ ಆರಂಭವಾಗುತ್ತದೆ: "ಕೈಯಲ್ಲಿ ಇಸ್ಪೀಟಿನ ಎಕ್ಕ, ಡೈಮಂಡ್ ರಾಣಿ. ಫ್ಲಾಪಿನಲ್ಲಿ ಆಟೀನು ಒಂಬತ್ತು, ಆಟೀನು ಎಂಟು, ಕಳಾವರ್ ಆರು. ಅಂಜುವವನು ಇಲ್ಲಿ ಚೆಕ್ ಮಾಡುತ್ತಾನೆ, ಎದೆಗಾರ ಬೆಟ್ ಹಾಕುತ್ತಾನೆ." (ಚೆಕ್ ಎಂದರೆ ಬೆಟ್ ಹಾಕದೆ ಸರದಿ ದಾಟಿಸುವುದು.) ಎಲೆಗಳ ಬಣ್ಣವನ್ನೂ ಬಿಡದೆ ಹೇಳಿದ್ದೀರಿ, ಸಂತೋಷ. ಆದರೆ ಎದುರಿಗೆ ಎಷ್ಟು ಜನರಿದ್ದರು? ಪಾಟಿನಲ್ಲಿ, ಅಂದರೆ ನಡುವೆ ಸೇರಿದ ಪಣದ ರಾಶಿಯಲ್ಲಿ, ಎಷ್ಟಿತ್ತು? ನಿಮ್ಮ ನಂತರ ಆಡುವವರು ಯಾರಾದರೂ ಉಳಿದಿದ್ದರೇ? ಇವುಗಳಿಗೆ ಉತ್ತರ ಸಿಗುವುದು ನಾಲ್ಕನೆಯ ಪುಟದಲ್ಲಿ, ಅದೂ ಬೇರೇನನ್ನೋ ಹೇಳುವ ಭರದಲ್ಲಿ. ಫ್ಲಾಪಿಗೆ ಮೊದಲು ನೀವು ರೇಸ್ ಮಾಡಿದಿರಿ (ಬೆಟ್ ಏರಿಸಿದಿರಿ), ಕೊನೆಯಲ್ಲಿ ಆಡುವ ಬಟನ್ ಸ್ಥಾನದವರೂ, ಎಲೆ ನೋಡುವ ಮೊದಲೇ ಕಡ್ಡಾಯ ಪಣ ಹಾಕುವ ಎರಡೂ ಬ್ಲೈಂಡಿನವರೂ (ಸ್ಮಾಲ್ ಮತ್ತು ಬಿಗ್) ಕಾಲ್ ಮಾಡಿದರು (ಅಷ್ಟೇ ಹಣ ಹಾಕಿ ಉಳಿದರು), ಬ್ಲೈಂಡಿನವರಿಬ್ಬರೂ ಚೆಕ್ ಮಾಡಿದ ಮೇಲೆ ನಿಮ್ಮ ಸರದಿ ಬಂತು ಎಂಬುದನ್ನು ಅಲ್ಲಲ್ಲಿ ಚದುರಿದ ಮಾತುಗಳಿಂದ ನಾನೇ ಹೆಕ್ಕಿ ಜೋಡಿಸಿಕೊಳ್ಳಬೇಕಾಯಿತು.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಸಂಪಾದಕರ ಕೈಕೆಳಗೆ. ಚದುರಂಗ ಮತ್ತು ಬ್ರಿಜ್ ಅಂಕಣಗಳನ್ನು ಅಚ್ಚಿಗೆ ಅಣಿಗೊಳಿಸುವ ಕೆಲಸ ನನ್ನದಾಗಿತ್ತು. ಅವರಿಗೋ ಇಸ್ಪೀಟಿನ ಗಂಧವೂ ಇರಲಿಲ್ಲ. ಅವರು ನನ್ನ ಪ್ರತಿಯನ್ನು ಆಟಗಾರ ನಿರ್ಧಾರ ಕೈಗೊಳ್ಳುವ ಸಾಲಿನವರೆಗೆ ಓದಿ, ಉಳಿದದ್ದನ್ನು ಅಂಗೈಯಿಂದ ಮುಚ್ಚಿ, "ಈಗ ನಾನೇನು ಆಡಬೇಕು, ಹೇಳು" ಎನ್ನುತ್ತಿದ್ದರು. ಅಲ್ಲಿಯವರೆಗೆ ಬರೆದಿದ್ದರಲ್ಲಿ ಉತ್ತರಕ್ಕೆ ಬೇಕಾದ ಸಂಗತಿಗಳು ಇಲ್ಲದಿದ್ದರೆ ಪ್ರತಿ ಮರಳಿ ನನ್ನ ಮೇಜಿಗೆ ಬರುತ್ತಿತ್ತು, ವಾಕ್ಯಗಳು ಎಷ್ಟೇ ಸೊಗಸಾಗಿರಲಿ. ಆ ಅಂಗೈಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನಿಮ್ಮ ಎರಡನೆಯ ಪುಟದ ಮೇಲೆ ನಾನೂ ಅಂಗೈಯಿಟ್ಟು ನೋಡಿದೆ: ಓದುಗನಿಗೆ ನಿರ್ಧರಿಸಲು ಏನೂ ಉಳಿದಿಲ್ಲ, ನಿಮ್ಮ ಎದೆಗಾರಿಕೆಯನ್ನು ನಂಬುವುದೊಂದೇ ದಾರಿ.

ಲಿಮಿಟ್ ಆಟದಲ್ಲಿ ಎದೆಗಾರಿಕೆಗೆ ಅಷ್ಟೊಂದು ಕೆಲಸವೂ ಇಲ್ಲ. ಬೆಟ್‌ನ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಫ್ಲಾಪಿನಲ್ಲಿ ಒಂದು ಸಣ್ಣ ಬೆಟ್, ನಂತರ ತೆರೆಯುವ ನಾಲ್ಕನೆಯ ಮತ್ತು ಐದನೆಯ ಎಲೆಗಳಾದ ಟರ್ನ್ ಮತ್ತು ರಿವರ್‌ನಲ್ಲಿ ಅದರ ಎರಡರಷ್ಟು. ದೊಡ್ಡ ಮೊತ್ತ ಮುಂದಿಟ್ಟು ಎದುರಾಳಿಯನ್ನು ಹೆದರಿಸುವ ಅವಕಾಶವೇ ಇಲ್ಲದಿರುವುದರಿಂದ, ಉಳಿಯುವ ಪ್ರಶ್ನೆ ಒಂದೇ: ಈ ಒಂದು ಬೆಟ್‌ಗೆ ಎಲ್ಲರೂ ಎಲೆ ಬಿಡುವ ಸಾಧ್ಯತೆ ಪಾಟಿನ ಗಾತ್ರಕ್ಕೆ ಹೋಲಿಸಿದರೆ ಸಾಕಷ್ಟಿದೆಯೇ? ನಿಮ್ಮ ಆಟದಲ್ಲಿ ನಾಲ್ವರೂ ತಲಾ ಎರಡು ಸಣ್ಣ ಬೆಟ್ ಹಾಕಿದ್ದರಿಂದ ಪಾಟಿನಲ್ಲಿ 8 ಇತ್ತು. 8 ಗೆಲ್ಲಲು 1 ಹಾಕುತ್ತಿದ್ದೀರಿ, ಅಂದರೆ ಒಂಬತ್ತು ಸಲದಲ್ಲಿ ಒಮ್ಮೆ ಮೂವರೂ ಬಿಟ್ಟರೆ ಸಾಕು. ಕೇಳಲು ಇದು ಅಗ್ಗವೆನಿಸುತ್ತದೆ. ಆದರೆ ಮೂವರೂ ಒಟ್ಟಿಗೆ ಬಿಡಬೇಕಲ್ಲ? ಒಬ್ಬೊಬ್ಬರ ನಿರ್ಧಾರವನ್ನೂ ಸ್ವತಂತ್ರವೆಂದು ಹಿಡಿದರೂ, ಪ್ರತಿಯೊಬ್ಬರೂ ಶೇಕಡಾ 48ರಷ್ಟು ಸಲ ಬಿಡುವವರಾಗಿದ್ದರೆ ಮಾತ್ರ ಒಂಬತ್ತರಲ್ಲಿ ಒಂದು ಎಂಬ ಲೆಕ್ಕ ಕೂಡುತ್ತದೆ. ಒಂಬತ್ತು, ಎಂಟು, ಆರು, ಅದರಲ್ಲಿ ಎರಡು ಆಟೀನು ಎಂಬ ಫ್ಲಾಪಿನಲ್ಲಿ ಅಂಥವರು ಯಾರು? ಏಳು ಹಿಡಿದವನಿಗೆ ಎರಡೂ ಕಡೆ ತೆರೆದ ಸಾಲು (ಅನುಕ್ರಮವಾದ ಐದೆಲೆಗೆ ಒಂದೇ ಕಡಿಮೆ), ಹತ್ತು ಅಥವಾ ಐದು ಹಿಡಿದವನಿಗೆ ನಡುವಿನ ಏಳರ ನಿರೀಕ್ಷೆ, ಆಟೀನಿನ ಎರಡೆಲೆ ಹಿಡಿದವನಿಗೆ ಒಂದೇ ಬಣ್ಣದ ಐದೆಲೆಯ ಫ್ಲಶ್‌ನ ಆಸೆ, ಯಾವ ಜೋಡಿಯಿದ್ದವನಿಗೂ (ನಿಮ್ಮ ಬೆಟ್ ಸೇರಿ) 9ಕ್ಕೆ 1ರ ದರದಲ್ಲಿ ಕಾಲ್ ಮಾಡಲು ಸಕಾರಣ.

ಇದೇ ಎಕ್ಕ–ರಾಣಿಯನ್ನು ಬೇರೆ ಸನ್ನಿವೇಶದಲ್ಲಿಟ್ಟು ನೋಡಿ. ಬಟನ್‌ನಿಂದ ನೀವು ರೇಸ್ ಮಾಡಿದಿರಿ, ಬಿಗ್ ಬ್ಲೈಂಡ್ ಒಬ್ಬರೇ ಉಳಿದರು, ಫ್ಲಾಪಿನಲ್ಲಿ ಮೂರು ಬೇರೆ ಬೇರೆ ಬಣ್ಣದ ರಾಜ, ಏಳು, ಎರಡು ಬಂದವು, ಅವರು ಚೆಕ್ ಮಾಡಿದರು. ಬಿಟ್ಟುಹೋದ ಸ್ಮಾಲ್ ಬ್ಲೈಂಡಿನ ಅರ್ಧವೂ ಸೇರಿ ಪಾಟಿನಲ್ಲಿ 4.5 ಇದೆ, ಶೇಕಡಾ 18ಕ್ಕಿಂತ ಸ್ವಲ್ಪ ಹೆಚ್ಚು ಸಲ ಅವರು ಬಿಟ್ಟರೆ ಬೆಟ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ. ಜೋಡಿಯಲ್ಲದ ಎರಡೆಲೆಗಳಲ್ಲಿ ಒಂದಾದರೂ ಫ್ಲಾಪಿಗೆ ಕೂಡುವುದು ಸುಮಾರು ಮೂರು ಸಲದಲ್ಲಿ ಒಮ್ಮೆ ಮಾತ್ರ, ಕಾಯುವುದಕ್ಕೆ ಸಾಲೂ ಇಲ್ಲ, ಫ್ಲಶ್ಶೂ ಇಲ್ಲ. ಇಲ್ಲಿ ಬೆಟ್ ಹಾಕದಿರುವುದೇ ವಿವರಣೆ ಕೇಳುವ ವಿಷಯ. ಒಂದೇ ಕೈ, ಎರಡರಲ್ಲೂ ಫ್ಲಾಪ್ ಕೂಡಿಲ್ಲ, ಉತ್ತರ ಮಾತ್ರ ಬೇರೆ. ನಿಮ್ಮ ಲೇಖನದ ತಿರುಳು ಇದಾಗಬೇಕಿತ್ತು.

ಇನ್ನು ನಿಮ್ಮ ಮತ್ತೊಂದು ವಾಕ್ಯ: "ಮೂವರೂ ಎಲೆ ಕೆಳಗಿಟ್ಟರು, ನನ್ನ ನಿರ್ಧಾರ ಸರಿಯೆಂದು ಅಲ್ಲಿಗೆ ಸಾಬೀತಾಯಿತು." ಏನೂ ಸಾಬೀತಾಗಲಿಲ್ಲ. ಹದಿನೈದರಲ್ಲಿ ಒಮ್ಮೆ ಮಾತ್ರ ಫಲಿಸುವ ಬೆಟ್ ಕೂಡ ಆ ಒಂದು ಸಲ ಫಲಿಸಿಯೇ ಫಲಿಸುತ್ತದೆ, ಮತ್ತು ಜನ ಬರೆಯಲು ಕೂರುವುದು ಆ ಸಲವೇ. ಅದರ ಬೆನ್ನಿಗೇ "ಈ ಆಟ ಲೆಕ್ಕಕ್ಕೆ ಸಿಗುವಂಥದ್ದಲ್ಲ" ಎಂದೂ ಬರೆದಿದ್ದೀರಿ. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಆಟವನ್ನು, ಅಂದರೆ ಇದೇ ಬಗೆಯ ಪೋಕರನ್ನು, ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬಹುಮಟ್ಟಿಗೆ ಪೂರ್ತಿಯಾಗಿ ಬಿಡಿಸಿದ್ದಾರೆಂದು 2015ರಲ್ಲಿ ಪ್ರಕಟವಾಯಿತು. ಅವರ ಸಿಫಿಯಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ವಿರುದ್ಧ ಮನುಷ್ಯನೊಬ್ಬ ಜೀವಮಾನವಿಡೀ ಆಡಿದರೂ ಗೆದ್ದೆನೆಂದು ಖಚಿತವಾಗಿ ಹೇಳಲಾರ. ನಾಲ್ವರ ಆಟಕ್ಕೆ ಅದು ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ಆ ವಾಕ್ಯವನ್ನು ತೆಗೆದುಹಾಕಿ.

ಉಪಸಂಹಾರ, ನಡುವಿನ ಹಾಸ್ಯಪ್ರಸಂಗ, ಶೀರ್ಷಿಕೆ ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ತಿದ್ದಿ ಕಳುಹಿಸುವುದಾದರೆ ನೀವು ಮುಟ್ಟದೇ ಬಿಟ್ಟ ಒಂದು ಲೆಕ್ಕವನ್ನು ಸೇರಿಸಿ. ನಿಮ್ಮ ಬೆಟ್ ಆದ ಮೇಲೆ ಬಟನ್‌ನವರು ರೇಸ್ ಮಾಡಿ, ಬ್ಲೈಂಡಿನವರಿಬ್ಬರೂ ಬಿಟ್ಟಿದ್ದರೆ ಪಾಟಿನಲ್ಲಿ 11 ಇರುತ್ತಿತ್ತು, ನೀವು ಹಾಕಬೇಕಾದದ್ದು ಇನ್ನೂ 1. ಕಾಣದ 47 ಎಲೆಗಳಲ್ಲಿ ನಿಮಗೆ ಜೋಡಿ ಕೊಡುವವು ಆರು. ಅವುಗಳಲ್ಲಿ ಎರಡು ಆಟೀನಿನವು, ಬಂದರೆ ಎದುರಾಳಿಯ ಫ್ಲಶ್ ಪೂರ್ಣವಾಗಬಹುದು. ರಾಣಿ ಬಂದರೆ ಹತ್ತು–ಗುಲಾಮ ಹಿಡಿದವನ ಸಾಲು ಪೂರ್ಣವಾಗುತ್ತದೆ. ಆರನ್ನೂ ಎಣಿಸಿದರೆ ಕಾಲ್ ಮಾಡುವುದು ಸುಲಭ. ನಾಲ್ಕನ್ನೇ ಎಣಿಸಿದರೆ ಬೇಕಾದ ದರ 10.75ಕ್ಕೆ 1, ಅಂದರೆ ಗೆರೆಯ ಮೇಲೆಯೇ ನಿಂತಂತೆ. ಟರ್ನ್‌ನಲ್ಲಿ ಬೆಟ್ ಇಮ್ಮಡಿಯಾಗುತ್ತದೆಂಬುದನ್ನೂ ನೆನಪಿಟ್ಟುಕೊಂಡು, ನೀವು ಕಾಲ್ ಮಾಡುತ್ತಿದ್ದಿರೋ ಎಲೆ ಬಿಡುತ್ತಿದ್ದಿರೋ ಎಂಬುದನ್ನು ಕಾರಣಸಹಿತ ಬರೆದು ಕಳುಹಿಸಿ.

ಇತಿ,
ಸಂಪಾದಕ