ತಮ್ಮನ ಹೆಸರು ಯಾವ ಗೋಡೆಯಲ್ಲಿ?

ಅರಸೀಕೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಚಿಕ್ಕಪ್ಪ 1971ರ ಯುದ್ಧದಲ್ಲಿ ತೀರಿಕೊಂಡರು. ಇಂಡಿಯಾ ಗೇಟ್ ಮೇಲೆ ತಮ್ಮನ ಹೆಸರು ನೋಡಬೇಕು ಎಂಬುದು ಅಪ್ಪನ ಆಸೆ. ವಿಮಾನ ಬೇಡವಂತೆ, “ಅವನು ಕೊನೇ ಸಲ ಹೋಗಿದ್ದೂ ರೈಲಲ್ಲೇ” ಅಂತಾರೆ. ಈ ವಯಸ್ಸಿನಲ್ಲಿ ಎರಡು ರಾತ್ರಿ ರೈಲು ಸರಿಯೇ?’

ಮೊದಲು ಹೆಸರಿನ ವಿಷಯ. ಅದನ್ನು ಇಂಡಿಯಾ ಗೇಟ್‌ನಲ್ಲಿ ಹುಡುಕಬೇಡಿ. 1931ರಲ್ಲಿ ಉದ್ಘಾಟನೆಯಾದ ಆ ಕಮಾನಿನ ಮೇಲಿರುವ 13,000ಕ್ಕೂ ಹೆಚ್ಚು ಹೆಸರುಗಳು ಮೊದಲ ಮಹಾಯುದ್ಧ ಮತ್ತು 1919ರ ಅಫ್ಘನ್ ಯುದ್ಧದ ಕಾಲದವು. 1971ರ ನಂತರ ಅದರ ಕೆಳಗೆ ಅಮರ ಜವಾನ್ ಜ್ಯೋತಿ ಉರಿಯುತ್ತಿತ್ತಲ್ಲ, ಅದಕ್ಕೇ ಬಹಳ ಜನ ಹೀಗೆ ಅಂದುಕೊಂಡಿದ್ದಾರೆ. 2022ರ ಜನವರಿಯಲ್ಲಿ ಆ ಜ್ಯೋತಿಯನ್ನೂ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಗೆ ಸೇರಿಸಿದರು.

ನೀವು ಹೋಗಬೇಕಾದದ್ದು ಆ ಸ್ಮಾರಕಕ್ಕೆ. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಇಂಡಿಯಾ ಗೇಟ್‌ನಿಂದ ನಡೆದೇ ಹೋಗಬಹುದು, ಟಿಕೆಟ್ ಇಲ್ಲ. ಅಲ್ಲಿ ತ್ಯಾಗ ಚಕ್ರ ಎಂಬ ವೃತ್ತಾಕಾರದ ಗೋಡೆಗಳಲ್ಲಿ ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 25,000ಕ್ಕೂ ಹೆಚ್ಚು ಯೋಧರ ಹೆಸರಿವೆ, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಕಲ್ಲು. ಸುಮ್ನೆ ಹುಡುಕುತ್ತಾ ಹೋದರೆ ಅಪ್ಪನ ಕಾಲು ಸೋಲುತ್ತದೆ. ಚಿಕ್ಕಪ್ಪನ ಸೇನಾ ಸಂಖ್ಯೆ, ರೆಜಿಮೆಂಟ್ ಬರೆದುಕೊಂಡು ಹೋಗಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಸಂಜೆ ಹುತಾತ್ಮರ ಮನೆಯವರಿಂದ ಪುಷ್ಪಚಕ್ರ ಇಡಿಸುವ ಪದ್ಧತಿಯೂ ಇದೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಅಣ್ಣನೇ ತಮ್ಮನಿಗೆ ಹೂವಿಡುವಂತಾದರೆ ಎಷ್ಟು ಚೆನ್ನ, ಅಲ್ವಾ?

ಇನ್ನು ರೈಲು. ಅಪ್ಪನ ಮಾತೇ ಸರಿ ಅನ್ನುವವನು ನಾನು. ಆರೋಗ್ಯ ಚೆನ್ನಾಗಿದ್ದರೆ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಿರಿ. ಬೆಂಗಳೂರಿನಲ್ಲಿ ಸಂಜೆ ಹತ್ತಿದರೆ ಮೂರನೇ ದಿನ ನವದೆಹಲಿ. ರಾಯಚೂರು, ಸೋಲಾಪುರ, ಭೋಪಾಲ್ ಎಲ್ಲ ದಾಟಿ, ಗ್ವಾಲಿಯರ್ ಆದ ಮೇಲೆ ಕಿಟಕಿಯಾಚೆ ಚಂಬಲ್ ಕೊರಕಲುಗಳು ಕಾಣುತ್ತವೆ. ಅಷ್ಟು ದೂರ ಕಿಟಕಿ ಪಕ್ಕ ಕೂತರೆ ಅಪ್ಪ ತಮ್ಮನ ಬಗ್ಗೆ ಇದುವರೆಗೆ ಹೇಳದ್ದನ್ನೂ ಹೇಳಬಹುದು. ವಿಮಾನದ ಎರಡೂ ಮುಕ್ಕಾಲು ಗಂಟೆಯಲ್ಲಿ ಅದೆಲ್ಲ ಎಲ್ಲಿ ಆಗುತ್ತೆ? ಅವರಿಗೆ ಕೆಳಗಿನ ಬರ್ತ್ ಇರಲಿ. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ.

ದೆಹಲಿಯಲ್ಲಿ ಸಮಯ ಉಳಿದರೆ ತೀನ್ ಮೂರ್ತಿ ವೃತ್ತಕ್ಕೂ ಹೋಗಿ. ಅಲ್ಲಿನ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರು ಸಂಸ್ಥಾನದ ಲ್ಯಾನ್ಸರ್‌ಗಳ, ಅಂದರೆ ಈಟಿ ಹಿಡಿದ ಕುದುರೆ ಸವಾರರ ನೆನಪಿಗೆ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾ ಊರನ್ನು ಕುದುರೆ ಮೇಲೆ ನುಗ್ಗಿ ಗೆದ್ದವರಲ್ಲಿ ಅವರೂ ಇದ್ದರು. ಇಂಡಿಯಾ ಗೇಟ್ ಬಳಿಯ ಛತ್ರಿ ಎಂಬ ಕಲ್ಲಿನ ಮಂಟಪದ ಕೆಳಗಿನ ನೇತಾಜಿ ವಿಗ್ರಹ ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಎಂದೂ ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ.

ಜನವರಿ ಮಾತ್ರ ಬೇಡ. ಮಂಜಿಗೆ ರೈಲು ತಡವಾಗುತ್ತದೆ, ಗಣರಾಜ್ಯೋತ್ಸವದ ತಾಲೀಮಿಗೆ ಕರ್ತವ್ಯ ಪಥದ ಸುತ್ತ ರಸ್ತೆ ಮುಚ್ಚುತ್ತಾರೆ. ಫೆಬ್ರುವರಿ ಕೊನೆ ಅಥವಾ ನವೆಂಬರ್ ಆರಂಭ ನೋಡಿಕೊಳ್ಳಿ. ಟಿಕೆಟ್ 60 ದಿನ ಮೊದಲೇ ಸಿಗುತ್ತದೆ.