ಹೆಂಡತಿಯ ತವರಲ್ಲಿ ಯಾರಿಗೂ ಇಲ್ಲದ ಸ್ತನ ಕ್ಯಾನ್ಸರ್ ವಂಶದಿಂದ ಬಂದಿರಬಹುದೇ?

ನೀವು ಕೇಳಿದ್ದು ಇಷ್ಟು: ಹೆಂಡತಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ನವರು, 39ಕ್ಕೇ ಸ್ತನ ಕ್ಯಾನ್ಸರ್ ಪತ್ತೆಯಾಗಿದೆ. ಅವರ ಅಮ್ಮನಿಗಾಗಲಿ, ಅಜ್ಜಿಗಾಗಲಿ, ಚಿಕ್ಕಮ್ಮನಿಗಾಗಲಿ ಈ ಕಾಯಿಲೆ ಇರಲಿಲ್ಲ. ಆದರೂ ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅನ್ನುತ್ತಿದ್ದಾರೆ, ದುಡ್ಡು ದಂಡವಾ?

ದಂಡವಲ್ಲ, ಮಾಡಿಸಿ.

ನಾನು ಡಾಕ್ಟರಲ್ಲ. ಹಾಂಗ್‌ಕಾಂಗ್‌ನ ಒಂದು ಲ್ಯಾಬ್‌ನಲ್ಲಿ ಕೂತು ಜೀನ್ ವರದಿ ಓದುವುದು ನನ್ನ ಹೊಟ್ಟೆಪಾಡು. ನಿಮ್ಮ ಪ್ರಶ್ನೆಯಲ್ಲಿ ಅತ್ತೆಯವರ ಕಡೆಯ ಹೆಂಗಸರ ಲೆಕ್ಕವೆಲ್ಲ ಇದೆ, ಮಾವನವರ ಕಡೆಯ ಸುದ್ದಿಯೇ ಇಲ್ಲ. ಇಲ್ಲಿಗೆ ಬರುವ ಫಾರಮ್ಮುಗಳಲ್ಲೂ ಹೀಗೇ, ಅಪ್ಪನ ಕಡೆಯ ಕಾಲಂ ಖಾಲಿ. ವಂಶದಿಂದ ಬರುವ ಸ್ತನ ಕ್ಯಾನ್ಸರಿನ ಹಿಂದೆ ಮುಖ್ಯವಾಗಿ ಇರುವುದು ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಎರಡು ಜೀನುಗಳ ಕೆಟ್ಟ ಪ್ರತಿ. ಬಿಆರ್‌ಸಿಎ1 ಇರುವುದು 17ನೇ ಕ್ರೋಮೋಸೋಮಿನಲ್ಲಿ (ಕ್ರೋಮೋಸೋಮೆಂದರೆ ಜೀನುಗಳನ್ನು ಹೊತ್ತ ಎಳೆ), ಬಿಆರ್‌ಸಿಎ2 13ನೆಯದರಲ್ಲಿ. ಇವೆರಡೂ ಲಿಂಗ ನಿರ್ಧರಿಸುವ ಎಳೆಗಳಲ್ಲ, ಹಾಗಾಗಿ ಎರಡಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ. ಅಪ್ಪನಲ್ಲಿ ಕೆಟ್ಟ ಪ್ರತಿ ಇದ್ದರೂ ಮಗಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸರಿಗೆ ಸ್ತನ ಕ್ಯಾನ್ಸರ್ ಬರುವುದು ಅಪರೂಪವಾದ್ದರಿಂದ ಅಪ್ಪ ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಯಾರಿಗೂ ಗುಮಾನಿ ಬರುವುದಿಲ್ಲ.

ಚೀನಾದಲ್ಲಿ ಇದು ಇನ್ನಷ್ಟು ಮರೆಯಾಗುತ್ತದೆ. 1980ರ ಹೊತ್ತಿಗೆ ಬಂದ ಒಂದೇ ಮಗುವಿನ ನೀತಿ 2015ರವರೆಗೂ ನಡೆಯಿತು. ಆರೇಳು ಹೆಣ್ಣುಮಕ್ಕಳಿದ್ದ ಮನೆಯಲ್ಲಾದರೆ ಇಬ್ಬರು ಮೂವರಿಗೆ ಕಾಯಿಲೆ ಬಂದು ಉಳಿದವರು ಎಚ್ಚರಾಗುತ್ತಿದ್ದರು. ಅಕ್ಕತಂಗಿಯರೇ ಇಲ್ಲದವಳಿಗೆ ಸಿಗುವ ಮೊದಲ ಸುಳಿವು ಅವಳದೇ ಗಂಟು. ಅದಕ್ಕೂ ಹಿಂದಿನ ತಲೆಮಾರಿನದು ಬೇರೆ ಕಥೆ. ಅಲ್ಲಿನ ಮನೆತನಗಳು 'ಜೂಪು' ಎಂಬ ವಂಶಾವಳಿ ಪುಸ್ತಕ ಇಟ್ಟಿರುತ್ತವೆ. ಹಳೆಯ ರೂಢಿಯಲ್ಲಿ ಎಷ್ಟೋ ಕಡೆ ಹೆಣ್ಣುಮಕ್ಕಳ ಹೆಸರನ್ನು ಅದರಲ್ಲಿ ಬರೆಯುತ್ತಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮಲ್ಲೂ ಹೇಳುತ್ತಾರಲ್ಲ, ಅದೇ. ಹೊರಗೆ ಹೋದವಳ ಕಾಯಿಲೆಯೂ ಅವಳ ಜೊತೆ ಹೋಯಿತು.

ಹಾಗಾಗಿ ಮಾವನವರನ್ನು ಕೂರಿಸಿಕೊಂಡು ಅವರ ಅಕ್ಕತಂಗಿಯರ ಬಗ್ಗೆ, ಅವರ ಅಪ್ಪನ ಅಕ್ಕತಂಗಿಯರ ಬಗ್ಗೆ ಕೇಳಿ. 'ಕ್ಯಾನ್ಸರ್ ಇತ್ತಾ' ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. 'ಯಾರು ಚಿಕ್ಕ ವಯಸ್ಸಿಗೆ ತೀರಿಕೊಂಡರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತಾ' ಎಂದು ಕೇಳಿ. ಇದೇ ಜೀನುಗಳು ಅಂಡಾಶಯದ ಕ್ಯಾನ್ಸರನ್ನೂ ತರುತ್ತವೆ, ಮನೆಯವರ ನೆನಪಲ್ಲಿ ಅದು ಬರೀ ಹೊಟ್ಟೆನೋವಾಗಿ ಉಳಿದಿರುತ್ತದೆ.

ಇದು ಬಿಳಿಯರ ಕಾಯಿಲೆಯಲ್ಲವೇ ಎಂದೂ ಬರೆದಿದ್ದೀರಿ. ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಈ ಜೀನುಗಳ ಮೂರು ನಿರ್ದಿಷ್ಟ ಮ್ಯುಟೇಶನ್‌ಗಳಲ್ಲಿ (ಜೀನಿನ ಬದಲಾವಣೆಗಳಲ್ಲಿ) ಒಂದು ಸುಮಾರು 40 ಜನರಲ್ಲಿ ಒಬ್ಬರಿಗಿರುವುದು ಹೆಸರುವಾಸಿಯಾಗಿ ಆ ಅಭಿಪ್ರಾಯ ಬೇರೂರಿತು. 2017ರಲ್ಲಿ ಪ್ರಕಟವಾದ ಒಂದು ಚೀನೀ ಅಧ್ಯಯನದಲ್ಲಿ, ಕುಟುಂಬದ ಇತಿಹಾಸ ನೋಡದೆ ಸಾಲಾಗಿ ತೆಗೆದುಕೊಂಡ 8,085 ಸ್ತನ ಕ್ಯಾನ್ಸರ್ ರೋಗಿಗಳ 46 ಜೀನುಗಳನ್ನು ಪರೀಕ್ಷಿಸಿದ್ದರು. ಶೇ. 9.2ರಷ್ಟು ಜನರಲ್ಲಿ ಹಾನಿಕರ ಮ್ಯುಟೇಶನ್ ಸಿಕ್ಕಿತು, ಒಟ್ಟು ರೋಗಿಗಳಲ್ಲಿ ಬಿಆರ್‌ಸಿಎ ಜೋಡಿಯದು ಇದ್ದವರೇ ಶೇ. 5.3. ಬಿಆರ್‌ಸಿಎ2 ಪಾಲು ಬಿಆರ್‌ಸಿಎ1ರ ಸುಮಾರು ಎರಡರಷ್ಟು. ದಕ್ಷಿಣ ಚೀನೀಯರಿಗೆ ಅವರದೇ ಪೂರ್ವಜರಿಂದ ಬಂದ ಮ್ಯುಟೇಶನ್‌ಗಳೂ ಇವೆ. ಬಿಆರ್‌ಸಿಎ2ರ 3109ನೇ ಜಾಗದಲ್ಲಿ ಡಿಎನ್‌ಎಯ 'ಸಿ' ಅಕ್ಷರ 'ಟಿ' ಆಗುವುದು ಅಂಥದ್ದೊಂದು, ಪ್ರೋಟೀನು ಅಲ್ಲಿಗೇ ಮೊಟಕಾಗುತ್ತದೆ. ಆದ್ದರಿಂದ ಅಶ್ಕೆನಾಜಿಗಳ ಮೂರನ್ನಷ್ಟೇ ನೋಡುವ ಅಗ್ಗದ ಕಿಟ್ ನಿಮ್ಮ ಹೆಂಡತಿಗೆ ಪ್ರಯೋಜನವಿಲ್ಲ. ಎರಡೂ ಜೀನು ಪೂರ್ತಿ ಓದುವ, ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಪಿಎಎಲ್‌ಬಿ2, ಟಿಪಿ53 ಎಂಬ ಇನ್ನೆರಡು ಜೀನು ಕೂಡ ಇರುವ ಪ್ಯಾನೆಲ್ (ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಟೆಸ್ಟ್) ಕೇಳಿ.

ವರದಿಯಲ್ಲಿ 'ಅರ್ಥ ಸ್ಪಷ್ಟವಿಲ್ಲದ ಬದಲಾವಣೆ' ಎಂದು ಬಂದರೆ ಗಾಬರಿ ಬೀಳಬೇಡಿ. ನಾವು ಹೋಲಿಸಿ ನೋಡುವ ದತ್ತಾಂಶದಲ್ಲಿ ಯುರೋಪಿನವರೇ ಹೆಚ್ಚು, ಹಾಗಾಗಿ ಏಷ್ಯಾದವರಿಗೆ ಈ ಉತ್ತರ ಜಾಸ್ತಿ ಬರುತ್ತದೆ. ಅದನ್ನು ನಂಬಿ ಅಂಡಾಶಯ ತೆಗೆಸಲು ಹೊರಟವರನ್ನು ಕಂಡಿದ್ದೇನೆ. ಅದೇ ಬದಲಾವಣೆಯನ್ನು ಎರಡು ವರ್ಷ ಬಿಟ್ಟು 'ನಿರಪಾಯ' ಎಂದು ತಿದ್ದಿದ ವರದಿಗೆ ನಾನೇ ಸಹಿ ಹಾಕಿದೆ. ಆ ದಿನ ಊಟ ಸೇರಲಿಲ್ಲ.

ನಿಜವಾಗಿ ಹಾನಿಕರ ಮ್ಯುಟೇಶನ್ ಸಿಕ್ಕರೆ ಚಿಕಿತ್ಸೆಯೇ ಬದಲಾಗಬಹುದು. ಕ್ಯಾನ್ಸರ್ ಮರುಕಳಿಸುವ ಅಪಾಯ ಹೆಚ್ಚಿರುವ ಬಿಆರ್‌ಸಿಎ ರೋಗಿಗಳಿಗೆ ಕೀಮೋ ಮುಗಿದ ಮೇಲೆ ಒಲಾಪರಿಬ್ ಎಂಬ ಕ್ಯಾನ್ಸರ್ ಮಾತ್ರೆ ಕೊಟ್ಟರೆ ಲಾಭವಿದೆ ಎಂದು 2021ರಲ್ಲಿ ಗೊತ್ತಾಯಿತು. ಇನ್ನೊಂದು ಸ್ತನದ ಬಗ್ಗೆ, ಅಂಡಾಶಯದ ಬಗ್ಗೆ ಏನು ಮಾಡಬೇಕೆನ್ನುವುದೂ ಈ ವರದಿಯ ಮೇಲೇ ನಿಂತಿದೆ. ಅದಕ್ಕೇ ಆಪರೇಷನ್ನಿಗೆ ಮೊದಲೇ ರಕ್ತ ಕೊಡುವುದು ಒಳ್ಳೆಯದು.

ಮಗಳಿಗೆ ಏಳು ವರ್ಷ ಅಂದಿರಿ. ಅವಳಿಗೆ ಈಗ ಟೆಸ್ಟ್ ಬೇಡ, ದೊಡ್ಡವಳಾದ ಮೇಲೆ ಬೇಕೋ ಬೇಡವೋ ಅವಳೇ ಹೇಳಲಿ. ಹೆಂಡತಿಯ ವರದಿಯಲ್ಲಿ ಏನಾದರೂ ಸಿಕ್ಕರೆ ಮೊದಲು ಮಾವನವರ ರಕ್ತ ಪರೀಕ್ಷಿಸಿ. ಅವರಲ್ಲೂ ಅದೇ ಇದ್ದರೆ ಅವರ ಅಕ್ಕತಂಗಿಯರ ಫೋನ್ ನಂಬರ್ ಹುಡುಕುವ ಕೆಲಸ ನಿಮ್ಮದು. ಚೀನೀಯಲ್ಲಿ ಸೋದರತ್ತೆಗೆ 'ಗೂಗು' ಅನ್ನುತ್ತಾರೆ.